ಓದುಗರ ಪ್ರಶ್ನೆ: ಕಮರಿಗೆ ಬಿದ್ದ ಕೆಂಪು ಕಾರು

ಪ್ರಶ್ನೆ: ಈ ಸಲದ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ, 1986ರ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಚಿತ್ರವನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಆ ಕೆಂಪು ಫೆರಾರಿ ಗಾಜಿನ ಗೋಡೆ ಒಡೆದುಕೊಂಡು ಕಮರಿಗೆ ಬಿದ್ದದ್ದನ್ನು ಕಂಡು ನಮ್ಮ ಯಜಮಾನರಿಗೆ ಹೊಟ್ಟೆ ಉರಿದುಹೋಯಿತು. ಅದು ನಿಜವಾದ ಕಾರೇ? ಹಾಡುಗಳು ಚಿತ್ರಕ್ಕೆಂದೇ ಮಾಡಿದವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಯಜಮಾನರಿಗೆ ಸಮಾಧಾನ ಹೇಳಿ, ಬಿದ್ದದ್ದು ಫೆರಾರಿಯಲ್ಲ. ಕಥೆಯಲ್ಲಿ ಅದು 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ. ಆ ಮಾದರಿಯ ಕಾರುಗಳು ತಯಾರಾದದ್ದೇ ಎಲ್ಲ ಸೇರಿ ನೂರರ ಆಸುಪಾಸು. ಅಷ್ಟು ಅಪರೂಪದ ವಾಹನವನ್ನು ಚಿತ್ರಕ್ಕಾಗಿ ಜಖಂ ಮಾಡುವುದು ಯಾವ ನಿರ್ಮಾಪಕರಿಗೂ ಗಿಟ್ಟುವ ಮಾತಲ್ಲವಾದ್ದರಿಂದ, ನಿರ್ದೇಶಕ ಜಾನ್ ಹ್ಯೂಸ್ ಅವರ ತಂಡವು ಓಡುವ ಮತ್ತು ಬೀಳುವ ದೃಶ್ಯಗಳಿಗೆ ಫೈಬರ್‌ಗ್ಲಾಸ್ ಮೈಯ ಪ್ರತಿಕೃತಿಗಳನ್ನು ಬಳಸಿತು. ಅಸಲಿ ಕಾರಿನ ಬೆಲೆಯನ್ನು ಮಾತ್ರ ಯಜಮಾನರ ಕಿವಿಗೆ ಹಾಕದಿರುವುದು ಒಳ್ಳೆಯದು: ನಟ ಜೇಮ್ಸ್ ಕೋಬರ್ನ್ ಅವರ ಬಳಿ ಹಿಂದೆ ಇದ್ದ ಇದೇ ಮಾದರಿಯ ಕಾರು 2008ರ ಹರಾಜಿನಲ್ಲಿ 70 ಲಕ್ಷ ಯೂರೋಗಳನ್ನು ಮೀರಿ ಮಾರಾಟವಾಯಿತು.

ನೀವು ಕೇಳಿದ ಹಾಡುಗಳಲ್ಲಿ ಮುಖ್ಯವಾದ ಎರಡೂ ಚಿತ್ರಕ್ಕಿಂತ ಹಳೆಯವು. ಗ್ಯಾರೇಜಿನಲ್ಲಿ ಕಾರು ಮೊದಲು ಕಾಣಿಸಿಕೊಂಡಾಗ ಪಾತಾಳದಿಂದ ಬಂದಂತಹ ದನಿಯಲ್ಲಿ ಕೇಳಿಬರುವ ‘ಓ ಯೇ’, ಸ್ವಿಟ್ಜರ್ಲೆಂಡಿನ ಯೆಲ್ಲೋ ಎಂಬ ಜೋಡಿಯದು. 1985ರ ‘ಸ್ಟೆಲ್ಲಾ’ ಆಲ್ಬಂನಿಂದ ಬಂದದ್ದು. ಸಂಗೀತ ಬೋರಿಸ್ ಬ್ಲಾಂಕ್ ಅವರದು, ಯಂತ್ರದಿಂದ ತಗ್ಗಿಸಿದ ದನಿ ಡೀಟರ್ ಮೈಯರ್ ಅವರದು. ಅದರಲ್ಲಿ ಸಾಹಿತ್ಯವೆನ್ನುವಷ್ಟು ಪದಗಳೇ ಇಲ್ಲ. ಕ್ಯಾಮೆರಾ ಆ ಕೆಂಪು ಮೈಮೇಲೆ ಆಸೆಗಣ್ಣಿನಿಂದ ಹರಿದಾಡುವಾಗ ಆ ಎರಡು ಪದಗಳು ಮಾಡುವ ಕೆಲಸವನ್ನು ಒಂದು ಪೂರ್ತಿ ಪಲ್ಲವಿಯೂ ಮಾಡಲಾರದು ಎನ್ನುವುದು ನನ್ನ ಅಭಿಪ್ರಾಯ. ಹಾಡೂ ಕಾರೂ ಮೊದಲೇ ಇದ್ದವು. ಚಿತ್ರವು ಒಂದನ್ನು ಇನ್ನೊಂದಕ್ಕೆ ಗಂಟು ಹಾಕಿತು, ಆ ಗಂಟು ಇಂದಿಗೂ ಬಿಚ್ಚಿಲ್ಲ.

ಎರಡನೆಯದಾದ, ಚಿತ್ರದ ಶಿಕಾಗೊ ಮೆರವಣಿಗೆಯಲ್ಲಿ ಕೇಳಿಬರುವ ‘ಟ್ವಿಸ್ಟ್ ಅಂಡ್ ಶೌಟ್’ ಹಾಡನ್ನು ಬೀಟಲ್ಸ್ ತಂಡ 1963ರ ಫೆಬ್ರವರಿ 11ರಂದು, ದಿನವಿಡೀ ನಡೆದ ಧ್ವನಿಮುದ್ರಣದ ಕಟ್ಟಕಡೆಗೆ ಹಾಡಿತು. ಶೀತದಿಂದ ಜಾನ್ ಲೆನನ್ ಅವರ ಗಂಟಲು ಅಷ್ಟರಲ್ಲಾಗಲೇ ಕಟ್ಟಿಹೋಗಿತ್ತು. ಆ ಒಡಕು ದನಿಯೇ ಹಾಡಿನ ಜೀವ. ಇಪ್ಪತ್ತಮೂರು ವರ್ಷಗಳ ಬಳಿಕ ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಗೆ ಮರಳಿ 23ನೆಯ ಸ್ಥಾನಕ್ಕೇರಿತು. ಅದೇ ವರ್ಷದ ‘ಬ್ಯಾಕ್ ಟು ಸ್ಕೂಲ್’ ಎಂಬ ಹಾಸ್ಯಚಿತ್ರದಲ್ಲೂ ಈ ಹಾಡಿದ್ದುದರಿಂದ, ಪೂರ್ತಿ ಕೀರ್ತಿಯನ್ನು ಫೆರಿಸ್‌ನೊಬ್ಬನಿಗೇ ಕೊಡುವಂತಿಲ್ಲ.

ಪ್ರಶ್ನೆ: ಅದೇ ಚಿತ್ರದಲ್ಲಿ ಹುಡುಗರು ಕಾರನ್ನು ಜಾಕಿನ ಮೇಲೆ ನಿಲ್ಲಿಸಿ, ರಿವರ್ಸ್ ಗೇರಿನಲ್ಲಿ ಚಕ್ರ ತಿರುಗಿಸಿ ಕಿಲೋಮೀಟರ್ ಇಳಿಸಲು ನೋಡುತ್ತಾರೆ. ಹಾಗೆ ಇಳಿಯುತ್ತದೆಯೇ? ನಾನೊಂದು ಹಳೆಯ ಕಾರು ಕೊಳ್ಳುವವನಿದ್ದೇನೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚಿತ್ರದಲ್ಲಿ ಇಳಿಯುವುದಿಲ್ಲ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನಿಂದ ತಿರುಗುತ್ತಿದ್ದ ಹಳೆಯ ಮೀಟರುಗಳಲ್ಲಿ ಕೆಲವು ಹಿಂದಕ್ಕೂ ಓಡುತ್ತಿದ್ದುದುಂಟು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಈ ಉಪಾಯ ನಡೆಯದು, ಆದರೆ ಉಪಕರಣ ಜೋಡಿಸಿ ಅಂಕಿಯನ್ನೇ ತಿದ್ದುವವರಿದ್ದಾರೆ. ಆದ್ದರಿಂದ ಮೀಟರನ್ನು ನೋಡುವ ಮುನ್ನ ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂಬುದನ್ನು ನೋಡಿ, ಸರ್ವಿಸ್ ದಾಖಲೆಗಳನ್ನು ಕೇಳಿ ಪಡೆಯಿರಿ.