ದುಡ್ಡಿಗೆ ಆಡದ ಹೋಬಿ ಬೇಕರ್ ಹಾಲ್ ಆಫ್ ಫೇಮ್ ಸೇರಿದ್ದು ಹೇಗೆ?

ಒಂದು ದಿನವೂ ಸಂಬಳಕ್ಕೆ ಆಡದವನು ಐಸ್ ಹಾಕಿಯ ಹಾಲ್ ಆಫ್ ಫೇಮ್‌ಗೆ, ಅಂದರೆ ಶ್ರೇಷ್ಠ ಆಟಗಾರರ ಗೌರವ ಪಟ್ಟಿಗೆ, ಹೇಗೆ ಬಂದ, ಅಷ್ಟು ಒಳ್ಳೆಯ ಆಟಗಾರನಾ ಅಥವಾ ಚಿಕ್ಕ ವಯಸ್ಸಿನಲ್ಲಿ ಸತ್ತ ಸೈನಿಕ ಅಂತ ಕೊಟ್ಟ ಗೌರವವಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಆಟವೇ ಕಾರಣ. ಸಾವು ಹೆಸರನ್ನು ಉಳಿಸಿತು, ಅಷ್ಟೇ. ನಾನು ನ್ಯೂಜೆರ್ಸಿಯಲ್ಲಿ ಇರುವವನು. ಇಲ್ಲಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಬೇಕರ್ ಹೆಸರಿನ ರಿಂಕ್ (ಐಸ್ ಮೇಲೆ ಆಡುವ ಅಂಗಣ) ಇದೆ, 1923ರಲ್ಲಿ ಶುರುವಾದ ಕಲ್ಲಿನ ಕಟ್ಟಡ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಕಾಲೇಜು ಪಂದ್ಯ ನೋಡುವುದು ನನಗೊಂದು ಚಟ.

ಬೇಕರ್ ಹುಟ್ಟಿದ್ದು 1892ರಲ್ಲಿ, ಫಿಲಡೆಲ್ಫಿಯಾ ಪಕ್ಕದಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಹನ್ನೊಂದು ವರ್ಷಕ್ಕೆ ನ್ಯೂ ಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಅನ್ನೋ ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅಲ್ಲಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಹುಡುಗ ರಾತ್ರಿ ಹೊತ್ತು ಒಬ್ಬನೇ ಸ್ಕೇಟ್ ಕಟ್ಟಿಕೊಂಡು ಹೊರಡುತ್ತಿದ್ದ. ಈ ಆಟದಲ್ಲಿ ಚೆಂಡಿನ ಬದಲು ಇರುವ ಕರಿ ರಬ್ಬರಿನ ಬಿಲ್ಲೆ, ಅಂದರೆ ಪಕ್, ಕತ್ತಲಲ್ಲಿ ಕಣ್ಣಿಗೆ ಬೀಳಲ್ಲ. ಸ್ಟಿಕ್ಕಿನ ತುದಿಗೆ ಅದು ತಾಗಿದ್ದನ್ನು ಕೈಯಲ್ಲೇ ತಿಳಿದುಕೊಳ್ಳಬೇಕು. ಹೀಗೆ ಅಭ್ಯಾಸ ಮಾಡಿದವನು ಪಂದ್ಯದಲ್ಲಿ ತಲೆ ಎತ್ತಿಯೇ ಆಡುತ್ತಿದ್ದ. ಪಕ್ ಎಲ್ಲಿದೆ ಅಂತ ಬಗ್ಗಿ ನೋಡುವ ಗೋಜೇ ಇಲ್ಲ. ಎದುರಿಗೆ ಯಾರು ಎಲ್ಲಿದ್ದಾರೆ ಅನ್ನುವುದಷ್ಟೇ ನೋಡಿದರೆ ಸಾಕು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಆಗಿನ ಆಟವೇ ಬೇರೆ. ಒಂದು ಕಡೆಗೆ ಏಳು ಜನ. ಈಗ ಗೋಲ್‌ಕೀಪರ್ ಸೇರಿ ಆರು. ಏಳನೆಯವನಿಗೆ ರೋವರ್ ಅನ್ನುತ್ತಿದ್ದರು. ಅವನಿಗೆ ಇಂಥದ್ದೇ ಜಾಗ ಅಂತ ಇಲ್ಲ, ಇಡೀ ರಿಂಕ್ ಅವನದು. ಜೊತೆಗೆ, ಮುಂದಿರುವ ಜೊತೆಗಾರನಿಗೆ ಪಾಸ್ ಕೊಡುವ ಹಾಗಿರಲಿಲ್ಲ. ಹಾಗಾಗಿ ಒಬ್ಬನೇ ಪಕ್ ಹೊತ್ತುಕೊಂಡು ನುಗ್ಗುವವನಿಗೆ ಭಾರಿ ಬೆಲೆ. ಬೇಕರ್ ರೋವರ್. ತನ್ನ ಗೋಲಿನ ಹಿಂದೆ ಒಂದು ಸುತ್ತು ಹಾಕಿ, ವೇಗ ಕೂಡಿಸಿಕೊಂಡು, ಅಲ್ಲಿಂದ ಒಂದೇ ಓಟದಲ್ಲಿ ಆಚೆ ತುದಿಗೆ ಹೋಗುತ್ತಿದ್ದ. ಪ್ರೇಕ್ಷಕರು ಆಗಲೇ ಎದ್ದು ನಿಂತಿರುತ್ತಿದ್ದರಂತೆ.

1907ರ ಆರ್ಥಿಕ ಕುಸಿತದಲ್ಲಿ ಅಪ್ಪನ ದುಡ್ಡು ಹೋಯಿತು. ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಮಾತ್ರ ಕಾಲೇಜಿಗೆ ಕಳಿಸಬಹುದು ಅನ್ನೋ ಪರಿಸ್ಥಿತಿ. ಅಣ್ಣ ಥಾರ್ನ್‌ಟನ್ ಹಿಂದೆ ಸರಿದ, ತಮ್ಮ 1910ರಲ್ಲಿ ಪ್ರಿನ್ಸ್‌ಟನ್ ಸೇರಿದ. ಈ ಅಣ್ಣನ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ, ನನಗೆ ಅದೊಂದು ಬೇಜಾರು. ಪ್ರಿನ್ಸ್‌ಟನ್‌ನಲ್ಲಿ ಬೇಕರ್ ಅಮೆರಿಕನ್ ಫುಟ್‌ಬಾಲ್ ತಂಡಕ್ಕೂ ನಾಯಕನಾದ, ಅದೂ ಹೆಲ್ಮೆಟ್ ಇಲ್ಲದೆ ಆಡುತ್ತಿದ್ದ. ಇಡೀ ಕಾಲೇಜು ಹಾಕಿಯಲ್ಲಿ ತಪ್ಪು ಆಟಕ್ಕೆ ಅವನಿಗೆ ಬಿದ್ದ ಪೆನಾಲ್ಟಿ (ಶಿಕ್ಷೆ) ಒಂದೇ ಒಂದು ಅಂತಾರೆ. ಪಂದ್ಯ ಮುಗಿದ ಮೇಲೆ ಎದುರಾಳಿಗಳ ಕೋಣೆಗೆ ಹೋಗಿ ಕೈಕುಲುಕಿ ಬರುತ್ತಿದ್ದ.

ಇನ್ನು ದುಡ್ಡಿನ ವಿಷಯ. 1914ರಲ್ಲಿ ಡಿಗ್ರಿ ಮುಗಿಸಿ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ. ಸಂಜೆ ಸೇಂಟ್ ನಿಕೊಲಸ್ ಅನ್ನೋ ಹವ್ಯಾಸಿ ಕ್ಲಬ್ಬಿಗೆ ಆಟ. ರಿಂಕಿನ ಹೊರಗೆ 'ಇವತ್ತು ಹೋಬಿ ಬೇಕರ್ ಆಟ' ಅಂತ ಬೋರ್ಡು ಹಾಕಿದರೆ, ದಯವಿಟ್ಟು ತೆಗೆಯಿರಿ ಅಂತ ಮ್ಯಾನೇಜರನ್ನು ಕೇಳಿಕೊಳ್ಳುತ್ತಿದ್ದನಂತೆ. 1915ರಲ್ಲಿ ಆ ಕ್ಲಬ್ಬು ಕೆನಡಾದ ಮಾಂಟ್ರಿಯಲ್ ಸ್ಟಾರ್ಸ್ ತಂಡವನ್ನೇ ಸೋಲಿಸಿತು. ಸಂಬಳ ಕೊಟ್ಟು ಆಡಿಸುವ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಮೂರು ಸೀಸನ್‌ಗೆ 20,000 ಡಾಲರ್ ಕೊಡುತ್ತೇವೆ ಅಂತ ಕರೆದದ್ದು, ಇವನು ಬೇಡ ಅಂದದ್ದು ಅವನ ಬಗ್ಗೆ ಬರೆದವರೆಲ್ಲ ಹೇಳುವ ಮಾತು.

ಇದನ್ನು ತ್ಯಾಗ ಅಂತ ಹೊಗಳುವವರು ತುಂಬಾ ಇದ್ದಾರೆ. ನನಗೆ ಹಾಗೆ ಅನಿಸಲ್ಲ. ಅವನ ವರ್ಗದವರಿಗೆ ದುಡ್ಡಿಗೆ ಆಡುವುದು ಅಂದರೆ ಮರ್ಯಾದೆ ಕಡಿಮೆ ಅನ್ನೋ ಭಾವನೆ ಇತ್ತು. ಮಾರ್ಗನ್ ಬ್ಯಾಂಕಿನ ಕೆಲಸ ಗೌರವದ್ದು, ಹಾಕಿಯ ಸಂಬಳ ಅಲ್ಲ! ಪಾಪ, ಆ ಬ್ಯಾಂಕ್ ಕೆಲಸವೋ ಅವನಿಗೆ ಬರೀ ಬೋರು. ಕೈಗೆ ಬಂದಿದ್ದ ವಿದ್ಯೆಯನ್ನೇ ಕಸುಬು ಮಾಡಿಕೊಳ್ಳಲು ಸುತ್ತಲಿನ ಸಮಾಜ ಬಿಡಲಿಲ್ಲ ಅಂತಲೇ ನಾನು ಓದುವುದು.

ಆ ಬೇಸರ ಕಳೆದದ್ದು ವಿಮಾನದಲ್ಲಿ. 1916ರಲ್ಲಿ ಹಾರಾಟ ಕಲಿತ, ಮರುವರ್ಷ ಮೊದಲ ಮಹಾಯುದ್ಧಕ್ಕೆ ಅಂತ ಫ್ರಾನ್ಸಿಗೆ ಹೋದ. 1918ರಲ್ಲಿ ಅಮೆರಿಕ ಸೇನೆಯ ವಿಮಾನ ಪಡೆಯಾದ 141ನೇ ಏರೋ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿ, ವಿಮಾನಗಳಿಗೆ ಪ್ರಿನ್ಸ್‌ಟನ್ನಿನ ಕಿತ್ತಳೆ-ಕಪ್ಪು ಬಣ್ಣ ಬಳಿಸಿದ. ನವೆಂಬರಿನಲ್ಲಿ ಯುದ್ಧ ನಿಂತಿತು. ಡಿಸೆಂಬರ್ 21ರಂದು, ಮನೆಗೆ ಹೊರಡುವ ಆದೇಶ ಜೇಬಿನಲ್ಲಿ ಇಟ್ಟುಕೊಂಡೇ, ರಿಪೇರಿಯಾಗಿ ಬಂದ ಒಂದು ಸ್ಪ್ಯಾಡ್ ಯುದ್ಧವಿಮಾನವನ್ನು ಪರೀಕ್ಷಿಸಲು ಫ್ರಾನ್ಸಿನ ಟೂಲ್ ಊರಿನ ಹತ್ತಿರ ಹಾರಿದ. ಎಂಜಿನ್ ನಿಂತುಹೋಯಿತು. ಅಂಥ ಹೊತ್ತಲ್ಲಿ ನೇರ ಮುಂದೆ ಹೋಗಿ ಇಳಿಸಬೇಕು. ಇವನು ನಿಲ್ದಾಣಕ್ಕೆ ವಾಪಸು ತಿರುಗಿಸಿದ, ವಿಮಾನ ಬಿತ್ತು. ಆಗ 26 ವರ್ಷ. ಬೇಕಂತಲೇ ಬಿದ್ದ ಅನ್ನುವವರೂ ಇದ್ದಾರೆ. ಎಂಜಿನ್ ಕೈಕೊಟ್ಟಿದ್ದನ್ನು ನೋಡಿದರೆ ಅದು ಸುಮ್ನೆ ಊಹೆ ಅಂತ ನನಗೆ ಅನಿಸುತ್ತದೆ.

1945ರಲ್ಲಿ ಕೆನಡಾದ ಹಾಕಿ ಹಾಲ್ ಆಫ್ ಫೇಮ್‌ಗೆ ಮೊದಲ ಸಲ ಒಂಬತ್ತು ಆಟಗಾರರನ್ನು ಆರಿಸಿದರು. ಅವರಲ್ಲಿ ಅಮೆರಿಕದವನು ಇವನೊಬ್ಬನೇ. ಬರೀ ಯುದ್ಧದ ಕನಿಕರವಾಗಿದ್ದರೆ ಕೆನಡಾದವರು ಹೊರಗಿನವನನ್ನು ಯಾಕೆ ಸೇರಿಸಿಕೊಳ್ಳುತ್ತಿದ್ದರು ಹೇಳಿ? 1975ರಲ್ಲಿ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್ ಕೂಡ ಅವನನ್ನು ಸೇರಿಸಿಕೊಂಡಿತು. 1981ರಿಂದ ಅಮೆರಿಕದ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಹೋಬಿ ಬೇಕರ್ ಪ್ರಶಸ್ತಿ ಕೊಡುತ್ತಾರೆ. ಪಾಲ್ ಕರಿಯಾ, ಕೇಲ್ ಮಕಾರ್ ಎಲ್ಲ ಅದನ್ನು ಗೆದ್ದವರೇ. ಅದಾದ ಮೇಲೆ ಎನ್‌ಎಚ್‌ಎಲ್ ಅನ್ನೋ ವೃತ್ತಿಪರ ಐಸ್ ಹಾಕಿ ಲೀಗಿಗೆ ಹೋಗಿ ಲಕ್ಷಗಟ್ಟಲೆ ಡಾಲರ್ ಸಂಬಳಕ್ಕೆ ಆಡಿದವರೂ ಹೌದು.