ಥೀಸಿಸ್ ಪ್ರಿಂಟೂ ಕೆಟ್ಟಿದೆ, ಬೈಂಡಿಂಗೂ ಕೆಟ್ಟಿದೆ, ಕೈಯಲ್ಲಿ ದುಡ್ಡಿಲ್ಲ. ಎಲ್ಲವನ್ನೂ ಮತ್ತೆ ಮಾಡಿಸಲೇಬೇಕೇ?

ಬೇಕಾಗಿಲ್ಲ. ನೀವು ಬರೆದಿರುವುದು ಇಷ್ಟು: ಥೀಸಿಸ್‌ನ ವರ್ಡ್ ಫೈಲನ್ನು ಪೆನ್ ಡ್ರೈವ್‌ನಲ್ಲಿ ಒಯ್ದು, ಎರಡೂ ಬದಿಗೆ ಪ್ರಿಂಟ್ ಹಾಕಿಸಿ, ನಾಲ್ಕು ಪ್ರತಿ ಹಾರ್ಡ್ ಬೈಂಡ್ ಮಾಡಿಸಿದ್ದೀರಿ. ರೂಮಿಗೆ ಬಂದು ನೋಡಿದರೆ ಕೆಲವು ಪುಟಗಳಲ್ಲಿ ಕನ್ನಡ ಗೋಜಲಾಗಿದೆ, ಪರಿವಿಡಿಯಲ್ಲಿರುವ ಪುಟಸಂಖ್ಯೆ ಒಳಗಿನದಕ್ಕೆ ಹೊಂದುತ್ತಿಲ್ಲ, ಎಡಗಡೆ ಪುಟಗಳಲ್ಲಿ ಸಾಲಿನ ಕೊನೆ ಬೈಂಡಿಂಗ್‌ನೊಳಗೆ ಹೋಗಿದೆ. ಒಪ್ಪಿಸಲು ಎರಡು ದಿನ ಉಳಿದಿದೆ. ಈ ಮೂರು ತೊಂದರೆಗಳಿಗೆ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಬಹುಪಾಲು ಹಾಳೆಗಳನ್ನು ಉಳಿಸಿಕೊಳ್ಳಬಹುದು. ಈಗ ಗಾಬರಿಯಲ್ಲಿ ಅಂಗಡಿಗೆ ಓಡಿ ಅದೇ ಫೈಲನ್ನು ಮತ್ತೆ ಪ್ರಿಂಟ್ ಹಾಕಿಸಿದರೆ ಅದೇ ತಪ್ಪುಗಳು ಮತ್ತೆ ಬರುತ್ತವೆ, ಉಳಿದ ದುಡ್ಡೂ ಹೋಗುತ್ತದೆ.

ಮೊದಲು ಒಂದು ಪ್ರತಿ ಹಿಡಿದು ಮೊದಲಿಂದ ಕೊನೆಯವರೆಗೆ ಪುಟ ತಿರುಗಿಸಿ. ಕೆಟ್ಟ ಪುಟಗಳ ಪಟ್ಟಿ ಮಾಡಿ. ಪಕ್ಕದಲ್ಲಿ ತಪ್ಪು ಯಾವ ಬಗೆಯದೆಂದು ಬರೆದುಕೊಳ್ಳಿ: ಅಕ್ಷರ ಕೆಟ್ಟಿದೆಯೇ, ಚಿತ್ರವೋ ಕೋಷ್ಟಕವೋ ಸರಿದಿದೆಯೇ, ಇಂಕ್ ಹರಡಿದೆಯೇ, ಪುಟ ತಲೆಕೆಳಗಾಗಿದೆಯೇ, ಅಥವಾ ಪುಟವೇ ಬಿಟ್ಟುಹೋಗಿದೆಯೇ. ಉಳಿದ ಮೂರು ಪ್ರತಿಗಳಲ್ಲಿ ಆ ಪುಟಗಳನ್ನಷ್ಟೇ ನೋಡಿದರೆ ಸಾಲದು. ಎರಡು ಹಾಳೆ ಅಂಟಿಕೊಂಡು ಎಳೆದುಕೊಳ್ಳುವುದು, ಪುಟ ಬಿಟ್ಟುಹೋಗುವುದು ಪ್ರತಿಯಿಂದ ಪ್ರತಿಗೆ ಬೇರೆಯಾಗುವ ತಪ್ಪುಗಳು. ನಾಲ್ಕರಲ್ಲೂ ಪುಟಸಂಖ್ಯೆಗಳ ಮೇಲೆ ಕಣ್ಣಾಡಿಸಿ.

ಅಕ್ಷರ ಕೆಟ್ಟಿರುವುದು ಹೇಗೆ ಎಂಬುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಕನ್ನಡದ ಜಾಗದಲ್ಲಿ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಬಂದಿದ್ದರೆ ಆ ಭಾಗ ಹಳೆಯ ಆಸ್ಕಿ ಪದ್ಧತಿಯ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸುವ) ನುಡಿ ಅಥವಾ ಬರಹ ಫಾಂಟ್‌ನಲ್ಲಿದೆ, ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ ಎಂದರ್ಥ. ಬರೀ ಚೌಕಗಳು ಬಂದಿದ್ದರೆ ಪಠ್ಯ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿದೆ, ಆದರೆ ಅಲ್ಲಿ ಬಳಕೆಯಾದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಅಕ್ಷರಗಳು ಕನ್ನಡದವೇ ಆಗಿದ್ದು ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಯಾಗಿ ಬಿದ್ದಿದ್ದರೆ, ಪಠ್ಯ ಸರಿಯಾಗಿಯೇ ಇದೆ. ಅಕ್ಷರಗಳನ್ನು ಜೋಡಿಸಬೇಕಾದ ಸಾಫ್ಟ್‌ವೇರ್ ಆ ಕೆಲಸ ಮಾಡಿಲ್ಲ. ಬಹಳಷ್ಟು ಥೀಸಿಸ್‌ಗಳಲ್ಲಿ ಒಂದು ಅಧ್ಯಾಯ ನುಡಿಯಲ್ಲಿ, ಇನ್ನೊಂದು ಯೂನಿಕೋಡ್‌ನಲ್ಲಿ ಇರುತ್ತದೆ. ನಿಮ್ಮದರಲ್ಲಿ ಕೆಲವೇ ಪುಟ ಕೆಟ್ಟಿರುವುದಕ್ಕೆ ಇದೇ ಕಾರಣ ಇರಬಹುದು.

ಈ ಹಂತದಲ್ಲಿ ಹಲವರು ನುಡಿಯ ಭಾಗವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಲು ಹೊರಡುತ್ತಾರೆ. ಎರಡು ದಿನ ಇರುವಾಗ ಇದಕ್ಕೆ ಕೈಹಾಕಲೇಬೇಡಿ. ಪರಿವರ್ತಕಗಳಲ್ಲಿ ಅರ್ಕಾವೊತ್ತು ಜಾಗ ತಪ್ಪುವುದುಂಟು. ಅದಕ್ಕಿಂತ ಮುಖ್ಯವಾಗಿ, ಕನ್ನಡದ ನಡುವೆ ಇಂಗ್ಲಿಷ್‌ನಲ್ಲಿ ಬರೆದ ಹೆಸರು, ಉಲ್ಲೇಖ, ಸೂತ್ರಗಳೂ ಕನ್ನಡವೆಂದುಕೊಂಡು ಪರಿವರ್ತನೆಯಾಗಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಪ್ರತಿ ಸಾಲನ್ನೂ ಮತ್ತೆ ಓದಿ ತಿದ್ದಬೇಕಾಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಈಗ ಸರಿಯಾಗಿ ಕಾಣುತ್ತಿದೆಯಲ್ಲ, ಅದನ್ನು ಹಾಗೆಯೇ ಪಿಡಿಎಫ್ ಮಾಡಿದರೆ ಸಾಕು.

ಥೀಸಿಸ್ ಟೈಪ್ ಮಾಡಿದ ಅದೇ ಕಂಪ್ಯೂಟರಿನಲ್ಲಿ ವರ್ಡ್ ತೆರೆಯಿರಿ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಪಕ್ಕದ ಆಪ್ಶನ್ಸ್ ಒತ್ತಿ, ಪಿಡಿಎಫ್/ಎ ಎಂಬುದಕ್ಕೆ ಗುರುತು ಹಾಕಿ. ಈ ಬಗೆಯ ಪಿಡಿಎಫ್‌ನಲ್ಲಿ ಬಳಸಿದ ಫಾಂಟ್‌ಗಳೆಲ್ಲ ಫೈಲಿನೊಳಗೇ ಇರಬೇಕು ಎಂಬುದು ನಿಯಮ. ಆಮೇಲೆ ಅಡೋಬಿ ರೀಡರ್‌ನಲ್ಲಿ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ಫಾಂಟ್ಸ್ ಟ್ಯಾಬ್ ನೋಡಿ. ಪ್ರತಿ ಫಾಂಟ್‌ನ ಹೆಸರಿನ ಜೊತೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' ಎಂದಿರಬೇಕು. ಒಂದಕ್ಕೆ ಇಲ್ಲದಿದ್ದರೂ ಅದೇ ಫಾಂಟ್ ಅಂಗಡಿಯಲ್ಲಿ ಕೈಕೊಡುತ್ತದೆ. ಇನ್ನೂ ಖಾತರಿ ಬೇಕಿದ್ದರೆ ಆ ಪಿಡಿಎಫ್ ಅನ್ನು ಗೆಳೆಯರೊಬ್ಬರ ಮೊಬೈಲಿಗೆ ಕಳಿಸಿ ತೆರೆಸಿ. ಕನ್ನಡ ಫಾಂಟ್ ಹಾಕಿಕೊಳ್ಳದ ಫೋನಿನಲ್ಲಿ ನುಡಿಯ ಪುಟ ಸರಿಯಾಗಿ ಕಂಡರೆ ಅಂಗಡಿಯಲ್ಲೂ ಸರಿಯಾಗಿಯೇ ಕಾಣುತ್ತದೆ.

ಇನ್ನು ಪುಟಸಂಖ್ಯೆ. ಹೆಚ್ಚು ದುಡ್ಡು ಉಳಿಯುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ವರ್ಡ್ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒಂದು ಫಾಂಟ್ ಸಿಗದಿದ್ದರೆ ವರ್ಡ್ ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಅದರ ಅಕ್ಷರದ ಅಗಲ, ಸಾಲಿನ ಎತ್ತರ ಬೇರೆ. ಸಾಲುಗಳು ಸರಿದು, ಪುಟಗಳು ಸರಿದು, ನಿಮ್ಮಲ್ಲಿ 45ನೇ ಪುಟದಲ್ಲಿದ್ದ ಶೀರ್ಷಿಕೆ ಅಲ್ಲಿ 47ಕ್ಕೆ ಹೋಗಿರುತ್ತದೆ. ಪರಿವಿಡಿ ತಾನಾಗಿ ಬದಲಾಗುವುದಿಲ್ಲ, ಹಳೆಯ ಸಂಖ್ಯೆಯೊಂದಿಗೇ ಪ್ರಿಂಟ್ ಆಗುತ್ತದೆ. ಹಾಗಾಗಿ ಒಳಗಿನ ನೂರಾರು ಪುಟಗಳಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಪರಿವಿಡಿಯ ನಾಲ್ಕಾರು ಪುಟಗಳಲ್ಲಿ. ಒಳಪುಟಗಳನ್ನು ಪರಿವಿಡಿಗೆ ಹೊಂದಿಸುವ ಬದಲು ಪರಿವಿಡಿಯನ್ನೇ ಪ್ರಿಂಟ್ ಆದ ಪುಸ್ತಕಕ್ಕೆ ಹೊಂದಿಸಿ.

ಅದಕ್ಕೆ ಫೈಲಿನ ಒಂದು ನಕಲು ಮಾಡಿಕೊಂಡು, ಪರಿವಿಡಿಯನ್ನು ಪೂರ್ತಿ ಆಯ್ದು, ಕಂಟ್ರೋಲ್, ಶಿಫ್ಟ್, ಎಫ್9 ಒಟ್ಟಿಗೆ ಒತ್ತಿ. ತಾನಾಗಿ ಬಂದಿದ್ದ ಪರಿವಿಡಿ ಸಾದಾ ಪಠ್ಯವಾಗುತ್ತದೆ. ಬೈಂಡ್ ಆದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಂಖ್ಯೆಗಳನ್ನು ಕೈಯಾರೆ ತಿದ್ದಿ. ಕೋಷ್ಟಕಗಳ ಪಟ್ಟಿ, ಚಿತ್ರಗಳ ಪಟ್ಟಿಗಳಿಗೂ ಹೀಗೆಯೇ ಮಾಡಿ. ಪಠ್ಯದ ನಡುವೆ 'ಪುಟ 82 ನೋಡಿ' ಎಂಬಂಥ ಮಾತುಗಳಿದ್ದರೆ ಅವನ್ನೂ ಹುಡುಕಿ. ಸಾಫ್ಟ್ ಕಾಪಿಯನ್ನೂ ಕೊಡಬೇಕಿದ್ದು, ಎರಡರ ಪುಟಸಂಖ್ಯೆ ಒಂದೇ ಇರಬೇಕೆಂಬ ನಿಯಮ ನಿಮ್ಮ ವಿಭಾಗದಲ್ಲಿದ್ದರೆ ಈ ದಾರಿ ನಡೆಯದು. ಅದನ್ನು ಮೊದಲೇ ಕೇಳಿಕೊಳ್ಳಿ.

ಗೋಜಲಾದ ಪುಟಗಳನ್ನು ಬದಲಿಸುವಾಗಲೂ ಇದನ್ನು ನೆನಪಿಡಿ. ನಿಮ್ಮ ಪಿಡಿಎಫ್‌ನ 45ನೇ ಪುಟವೂ ಪುಸ್ತಕದ 45ನೇ ಪುಟವೂ ಒಂದೇ ಅಲ್ಲ. ಸುಮ್ಮನೆ ತಂದು ಸೇರಿಸಿದರೆ ಒಂದು ಪ್ಯಾರಾ ಎರಡು ಸಲ ಬರಬಹುದು, ಇನ್ನೊಂದು ಕಾಣೆಯಾಗಬಹುದು. ಕೆಟ್ಟ ಪುಟದ ಹಿಂದಿನ ಪುಟದ ಕೊನೆಯ ಪದ, ಮುಂದಿನ ಪುಟದ ಮೊದಲ ಪದ ನೋಡಿ. ಇವೆರಡರ ನಡುವಿನ ಪಠ್ಯವನ್ನು ಹೊಸ ವರ್ಡ್ ಫೈಲಿಗೆ ನಕಲಿಸಿ, ಅದೇ ಮಾರ್ಜಿನ್ ಕೊಟ್ಟು, ಪೇಜ್ ನಂಬರ್‌ನ ಫಾರ್ಮ್ಯಾಟ್‌ನಲ್ಲಿ 'ಸ್ಟಾರ್ಟ್ ಆ್ಯಟ್' ಜಾಗದಲ್ಲಿ ಆ ಪುಟದ ಸಂಖ್ಯೆ ಹಾಕಿ. ಪುಟ ತುಂಬದಿದ್ದರೆ ಅಥವಾ ಒಂದೆರಡು ಸಾಲು ಹೆಚ್ಚಾದರೆ ಪ್ಯಾರಾಗಳ ನಡುವಿನ ಅಂತರವನ್ನು ತುಸು ಬದಲಿಸಿ, ಅಕ್ಷರದ ಗಾತ್ರ ಬದಲಿಸಬೇಡಿ. ಗಾತ್ರ ಬದಲಾಗಿದ್ದು ಪರೀಕ್ಷಕರಿಗೆ ಎದ್ದು ಕಾಣುತ್ತದೆ. ಗೋಜಲು ಹತ್ತಾರು ಪುಟ ಸತತವಾಗಿ ಇದ್ದರೆ ಪುಟ ಪುಟ ಹೊಂದಿಸುತ್ತಾ ಕೂರದೆ ಆ ಅಧ್ಯಾಯವನ್ನು ಪೂರ್ತಿ ಬದಲಿಸುವುದೇ ಲೇಸು. ಅಧ್ಯಾಯ ಹೊಸ ಪುಟದಿಂದ ಶುರುವಾಗುವುದರಿಂದ ಹೊಂದಾಣಿಕೆ ಸುಲಭ. ಪುಟಗಳ ಒಟ್ಟು ಸಂಖ್ಯೆ ಮಾತ್ರ ಮೊದಲಿನಷ್ಟೇ ಬರುವಂತೆ ನೋಡಿಕೊಳ್ಳಿ.

ಎರಡೂ ಬದಿಗೆ ಪ್ರಿಂಟ್ ಆಗಿರುವುದರಿಂದ ಬದಲಿಸಬೇಕಾದ್ದು ಹಾಳೆಯನ್ನು. 46 ಕೆಟ್ಟಿದ್ದರೆ 45 ಮತ್ತು 46 ಎರಡೂ ಬೇಕು. ಅಂಗಡಿಯಲ್ಲಿ ದೊಡ್ಡ ಫೈಲಿನಿಂದ ಪುಟ ಆರಿಸಲು ಹೇಳಬೇಡಿ. ಮುನ್ನುಡಿ, ಪ್ರಮಾಣಪತ್ರಗಳಿಗೆ ರೋಮನ್ ಸಂಖ್ಯೆಯ 12 ಪುಟ ಇದ್ದರೆ, ಪುಟದ ಮೇಲೆ 45 ಎಂದಿರುವುದು ಫೈಲಿನಲ್ಲಿ 57ನೆಯದು. ಮಾತಿನಲ್ಲಿ ಹೇಳಿದರೆ ಬೇರೆ ಪುಟವೇ ಬಂದೀತು. ಬೇಕಾದ ಹಾಳೆಗಳನ್ನಷ್ಟೇ ಒಂದು ಪುಟ್ಟ ಪಿಡಿಎಫ್ ಮಾಡಿ ಕೊಟ್ಟರೆ 'ಎಲ್ಲಾ ಪುಟ, ನಾಲ್ಕು ಪ್ರತಿ' ಎಂದರೆ ಮುಗಿಯಿತು.

ಹಾಗೆ ಮಾಡುವಾಗಲೇ ಬಣ್ಣ ತೆಗೆಯಿರಿ. ಕಲರ್ ಯಂತ್ರದ ಕೌಂಟರ್ ಪುಟದಲ್ಲಿ ಚೂರು ಬಣ್ಣವಿದ್ದರೂ ಅದನ್ನು ಕಲರ್ ಪುಟವೆಂದೇ ಎಣಿಸುತ್ತದೆ. ಗ್ರಂಥಸೂಚಿಯಲ್ಲಿ ನೀಲಿಯಾಗಿ ಉಳಿದ ವೆಬ್ ವಿಳಾಸ, ಪ್ರತಿ ಪುಟದ ತಲೆಯಲ್ಲಿರುವ ಬಣ್ಣದ ಲಾಂಛನ, ಇಂಥವುಗಳಿಂದಲೇ ಬಿಲ್ ಏರುತ್ತದೆ. ನಿಮ್ಮ ಹಿಂದಿನ ಬಿಲ್‌ನಲ್ಲಿ ಕಲರ್ ಪುಟ ಎಷ್ಟೆಂದು ಬರೆದಿದ್ದಾರೆ, ನೋಡಿ. ಬಣ್ಣ ನಿಜವಾಗಿ ಬೇಕಾದ ನಕ್ಷೆ, ಫೋಟೋಗಳನ್ನು ಬೇರೆ ಫೈಲ್ ಮಾಡಿ ಕೊಡಿ. ಬರೀ ಪಠ್ಯದ ಪುಟಗಳನ್ನು ಒಂದು ಸಲ ಚೆನ್ನಾಗಿ ಪ್ರಿಂಟ್ ತೆಗೆಸಿ ಉಳಿದ ಮೂರನ್ನು ಜೆರಾಕ್ಸ್ ಮಾಡಿಸಿದರೂ ನಡೆಯುತ್ತದೆ. ಬೂದು ಛಾಯೆಯ ನಕ್ಷೆಗಳು ಮಾತ್ರ ಜೆರಾಕ್ಸ್‌ನಲ್ಲಿ ಮಚ್ಚೆಮಚ್ಚೆಯಾಗುತ್ತವೆ.

ಪ್ರಿಂಟ್ ಕೊಡುವಾಗ ಪರದೆಯನ್ನು ನೀವೇ ನೋಡಬೇಕು. ಕಾಗದ ಎ4 ಎಂದಿರಬೇಕು, ಲೆಟರ್ ಅಲ್ಲ. ಎ4 ಎಂದರೆ 210×297 ಮಿಮೀ, ಲೆಟರ್ ಸುಮಾರು 216×279. ಲೆಟರ್ ಎಂದಿದ್ದು 'ಫಿಟ್' ಆಯ್ಕೆಯಾಗಿದ್ದರೆ ಪುಟ ನೂರಕ್ಕೆ 94ರಷ್ಟಕ್ಕೆ ಕುಗ್ಗುತ್ತದೆ, ಹೊಸ ಹಾಳೆ ಹಳೆಯ ಹಾಳೆಗಳ ನಡುವೆ ಬೇರೆಯಾಗಿ ಕಾಣುತ್ತದೆ. 'ಆ್ಯಕ್ಚುಯಲ್ ಸೈಜ್' ಆರಿಸಿ. ಎರಡು ಬದಿಯ ಪ್ರಿಂಟ್‌ಗೆ 'ಫ್ಲಿಪ್ ಆನ್ ಲಾಂಗ್ ಎಡ್ಜ್'. ಶಾರ್ಟ್ ಎಡ್ಜ್ ಆದರೆ ಹಿಂಬದಿ ತಲೆಕೆಳಗು. ಫಾಂಟ್ ಎಂಬೆಡ್ ಆಗಿದ್ದೂ ಅಕ್ಷರ ಒಡೆದರೆ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ 'ಪ್ರಿಂಟ್ ಆ್ಯಸ್ ಇಮೇಜ್' ಗುರುತು ಹಾಕಿಸಿ. ನಿಧಾನವಾಗುತ್ತದೆ, ಆದರೆ ಪರದೆಯಲ್ಲಿ ಕಂಡದ್ದೇ ಕಾಗದಕ್ಕೆ ಬರುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಒತ್ತಕ್ಷರ ನೋಡಿ, ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಎದ್ದು ಬಂದರೆ ಟೋನರ್ (ಪ್ರಿಂಟರಿನ ಕಪ್ಪು ಪುಡಿ) ಸರಿಯಾಗಿ ಬೆಂದಿಲ್ಲ, ಅಥವಾ ಕಾಗದ ತೇವವಾಗಿದೆ. ಹೊಸ ಕಟ್ಟು ಒಡೆಸಿ. ಕಾಗದದ ತೂಕವೂ ಹಳೆಯದರಷ್ಟೇ ಇರಲಿ. 80 ಜಿಎಸ್ಎಂ ನಡುವೆ 70 ಬಂದರೆ ಹಿಂಬದಿಯ ಅಕ್ಷರ ತೋರುತ್ತದೆ.

ಇನ್ನು ಬೈಂಡಿಂಗ್. ಎಡಪುಟಗಳಲ್ಲಿ ಮಾತ್ರ ಸಾಲಿನ ಕೊನೆ ಒಳಗೆ ಹೋಗಿದೆ ಎಂದರೆ ಫೈಲಿನಲ್ಲಿ ಮಿರರ್ ಮಾರ್ಜಿನ್ಸ್ (ಎಡ, ಬಲ ಪುಟಗಳಿಗೆ ಅಂಚನ್ನು ಅದಲುಬದಲು ಮಾಡುವ ಆಯ್ಕೆ) ಹಾಕಿಲ್ಲ. ಬೈಂಡಿಂಗ್‌ಗೆಂದು ಎಡಕ್ಕೆ ಬಿಟ್ಟ 38 ಮಿಮೀ ಬಲಪುಟದಲ್ಲಿ ಬೆನ್ನಿನ ಕಡೆಯೇ ಬರುತ್ತದೆ, ಎಡಪುಟದಲ್ಲಿ ಹೊರಗಿನ ಅಂಚಿಗೆ ಹೋಗುತ್ತದೆ. ಇದಕ್ಕೂ ಮರುಪ್ರಿಂಟ್ ಬೇಕಾಗಿಲ್ಲದಿರಬಹುದು. ಪುಸ್ತಕ ಅಡ್ಡಹೊಲಿಗೆಯದೇ ನೋಡಿ: ಬೆನ್ನಿನ ಅಂಚಿನಿಂದ ಸುಮಾರು ಸೆಂಟಿಮೀಟರ್ ಒಳಗೆ ಮೇಲಿಂದ ಕೆಳಕ್ಕೆ ಚುಚ್ಚಿ ದಾರ ಹಾಕಿದ್ದರೆ ಪುಸ್ತಕ ಅಷ್ಟು ಜಾಗ ನುಂಗಿಕೊಳ್ಳುತ್ತದೆ, ಚಪ್ಪಟೆಯಾಗಿ ತೆರೆಯುವುದೂ ಇಲ್ಲ. ಆ ದಾರ ಬಿಚ್ಚಿಸಿ, ಬೆನ್ನಿಗೆ ಗಮ್ ಹಾಕುವ ಬೈಂಡಿಂಗ್‌ಗೆ ಬದಲಿಸಿದರೆ ಕೆಲವೇ ಮಿಲಿಮೀಟರ್ ಹೋಗುತ್ತದೆ, ಮುಚ್ಚಿದ್ದ ಸಾಲಿನ ಕೊನೆ ಓದಲು ಸಿಗುತ್ತದೆ. ರಟ್ಟು ಹಾಳಾಗದಂತೆ ಬಿಡಿಸಿದರೆ ಅದನ್ನೇ ಮತ್ತೆ ಹಾಕಬಹುದು. ಬಿಚ್ಚಿದಾಗಲೇ ಬದಲಿಹಾಳೆಗಳನ್ನೂ ಸೇರಿಸಿಬಿಡಿ.

ಹೊಲಿಗೆ ಬಿಚ್ಚದೆ ಕೆಲವೇ ಹಾಳೆ ಬದಲಿಸುವುದಾದರೆ ಕೆಟ್ಟ ಹಾಳೆಯನ್ನು ಎಳೆದು ಕೀಳಬೇಡಿ, ಪಕ್ಕದ ಹಾಳೆಯೂ ಸಡಿಲವಾಗುತ್ತದೆ. ಬೆನ್ನಿನ ಕಡೆ 8–10 ಮಿಮೀ ಪಟ್ಟಿ ಉಳಿಯುವಂತೆ ಉಕ್ಕಿನ ಸ್ಕೇಲಿಟ್ಟು ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಪುಟಕ್ಕೆ ಗೀರು ಬೀಳದಂತೆ ರಟ್ಟು ಇಟ್ಟಿರಿ. ಆ ಪಟ್ಟಿಗೆ ಬಿಳಿ ಗಮ್ಮನ್ನು ತೆಳ್ಳಗೆ ಸವರಿ ಹೊಸ ಹಾಳೆ ಅಂಟಿಸಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಭಾರ ಹೇರಿ ಒಂದೆರಡು ಗಂಟೆ ಬಿಡಿ. ಗಮ್ ನೀರಾದರೆ ಕಾಗದ ಸುಕ್ಕಾಗುತ್ತದೆ. ಬೈಂಡ್ ಆದ ಪುಸ್ತಕದ ಅಂಚು ಕತ್ತರಿಸಿರುತ್ತಾರೆ, ಹೊಸ ಹಾಳೆಯನ್ನೂ ಅದೇ ಅಳತೆಗೆ ಕತ್ತರಿಸಿಕೊಳ್ಳಿ. ಒಂದೇ ಜಾಗದಲ್ಲಿ ಹತ್ತು ಹಾಳೆ ಹೀಗೆ ಅಂಟಿಸಿದರೆ ಬೆನ್ನು ಉಬ್ಬುತ್ತದೆ. ಅಷ್ಟಿದ್ದರೆ ಬಿಚ್ಚಿಸುವುದೇ ಸರಿ.

ಮಾರ್ಗದರ್ಶಕರ ಸಹಿ ಇರುವ ಪ್ರಮಾಣಪತ್ರದ ಹಾಳೆಗಳು ಆ ಪುಸ್ತಕಗಳಲ್ಲಿ ಸೇರಿಹೋಗಿದ್ದರೆ, ಬಿಚ್ಚುವ ಮೊದಲೇ ಬೈಂಡರ್‌ಗೆ ತೋರಿಸಿ ಗುರುತು ಹಾಕಿಸಿ. ಆ ಹಾಳೆಗಳನ್ನು ಬೇರೆ ಕವರಿನಲ್ಲಿಟ್ಟು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಅಂಗಡಿಯ ಮೇಜಿನ ಮೇಲೆ ಬಿಡಬೇಡಿ.

ಪೆನ್ ಡ್ರೈವ್‌ನಲ್ಲಿ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತಿವೆ ಎಂದೂ ಬರೆದಿದ್ದೀರಿ. ಅದು ವೈರಸ್‌ನ ಕೆಲಸ, ಅಂಗಡಿಯ ಕಂಪ್ಯೂಟರಿನಿಂದ ಬಂದಿರಬಹುದು. ಶಾರ್ಟ್‌ಕಟ್ ಮೇಲೆ ಒತ್ತಬೇಡಿ, ಫಾರ್ಮ್ಯಾಟ್ ಮಾಡಲೂ ಬೇಡಿ. ಫೈಲುಗಳು ಹೋಗಿಲ್ಲ, ಅಡಗಿವೆ. ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬ್‌ನಲ್ಲಿ 'ಶೋ ಹಿಡನ್ ಫೈಲ್ಸ್' ಆರಿಸಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಗುರುತು ತೆಗೆದರೆ ಕಾಣುತ್ತವೆ. ಬೇಕಾದ್ದನ್ನು ನಕಲಿಸಿಕೊಂಡು ಆಂಟಿವೈರಸ್ ಓಡಿಸಿ. ಈ ಸಲ ಪಿಡಿಎಫ್ ಅನ್ನು ಇಮೇಲ್‌ನಲ್ಲೇ ಅಂಗಡಿಗೆ ಕಳಿಸಿ.

ದುಡ್ಡಿನ ಮಾತಿಗೆ ಬಂದರೆ, ಅಂಗಡಿಯವರ ಜೊತೆ ಎಲ್ಲದಕ್ಕೂ ಜಗಳವಾಡಬೇಡಿ, ತಪ್ಪುಗಳನ್ನು ಬಿಡಿಸಿ ಹೇಳಿ. ಪುಟ ಬಿಟ್ಟಿರುವುದು, ತಲೆಕೆಳಗು, ಇಂಕ್ ಹರಡಿದ್ದು ಅವರ ಕೆಲಸದ ತಪ್ಪು. ಅದನ್ನು ಅವರೇ ಸರಿಮಾಡಿಕೊಡಬೇಕೆಂದು ನೇರವಾಗಿ ಕೇಳಿ. ಫಾಂಟ್, ಮಾರ್ಜಿನ್ ಫೈಲಿನ ತಪ್ಪು, ಅದರ ಖರ್ಚು ನಿಮ್ಮದೇ. ಕೆಟ್ಟ ಹಾಳೆಗಳ ಪಟ್ಟಿಯನ್ನು ಮುಂದಿಟ್ಟು ಮಾತಾಡಿದರೆ ಬಹುತೇಕರು ಒಪ್ಪುತ್ತಾರೆ. ಇಂದೇ ಇನ್ನೂ ಒಂದು ಕೆಲಸ ಮಾಡಿ: ಮಾರ್ಗದರ್ಶಕರಿಗೆ ಫೋನ್ ಮಾಡಿ ಸಂಗತಿ ತಿಳಿಸಿ, ಕೊನೆಯ ದಿನಕ್ಕೆ ಒಂದು ಸರಿಯಾದ ಪ್ರತಿ ಮತ್ತು ಪಿಡಿಎಫ್ ಒಪ್ಪಿಸಿ, ಉಳಿದ ಮೂರು ಪ್ರತಿಗಳನ್ನು ಕೆಲವು ದಿನ ಬಿಟ್ಟು ಕೊಡಬಹುದೇ ಎಂದು ಕೇಳಿ. ಒಪ್ಪಿದರೆ ನಾಳೆ ಒಂದೇ ಪುಸ್ತಕವನ್ನು ಬಿಚ್ಚಿಸಿ ಸರಿಮಾಡಿಸಿದರೆ ಸಾಕು.