ಗಡಿ ಅಂಗನವಾಡಿಯಲ್ಲಿ ಆನೆಯ ವಾರ

ನೀವು ಕೇಳಿದ ಪ್ರಶ್ನೆಯನ್ನು ಮೈಸೂರು ಜಿಲ್ಲೆಯ ನಮ್ಮ ಗಡಿ ಅಂಗನವಾಡಿಗಳಿಗೆ ಬರುವ ತುಂಬಾ ಜನ ಕೇಳುತ್ತಾರೆ. ಮೂರು ನಾಲ್ಕು ಭಾಷೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ದಿನವೆಲ್ಲ ಹಾಡು, ಕಥೆ, ಆಟ ಅಂದರೆ ಕಲಿಯೋದು ಯಾವಾಗ? ಅಲ್ಲೇ ಕಲಿಯುತ್ತಾರೆ. ಹೇಗೆ ಅಂತ ಹೇಳುತ್ತೇನೆ.

ಮೈಸೂರು ಅಂದರೆ ಅರಮನೆ, ದಸರಾ ಅಷ್ಟೇ ನೆನಪಾಗುವವರಿಗೆ ಈ ಜಿಲ್ಲೆಗೂ ಒಂದು ಗಡಿ ಇದೆ ಅಂತ ಹೊಳೆಯೋದಿಲ್ಲ. ಎಚ್‌.ಡಿ. ಕೋಟೆಯಿಂದ ಅಂತರಸಂತೆ ದಾಟಿ ಕಾಡಿನ ರಸ್ತೆ ಹಿಡಿದರೆ ಬಾವಲಿ. ಅದರಾಚೆ ಕೇರಳದ ವಯನಾಡು. ಈ ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಜೇನು ಕುರುಬರು, ಬೆಟ್ಟ ಕುರುಬರು, ಯರವರು ಇದ್ದಾರೆ. ಒಬ್ಬೊಬ್ಬರದು ಒಂದೊಂದು ಮನೆಮಾತು. ಊರೊಳಗೆ ನಮ್ಮ ಕೋಟೆ ಸೀಮೆಯ ಕನ್ನಡ. ಶುಂಠಿ ಬೆಳೆಯಲು ಗುತ್ತಿಗೆಗೆ ಜಮೀನು ಹಿಡಿದು ಕೇರಳದಿಂದ ಬಂದವರೂ ಇರುವುದರಿಂದ ಮಲಯಾಳಂ ಕೂಡ ಕಿವಿಗೆ ಬೀಳುತ್ತದೆ. ಇಂಥ ಊರಿನ ಅಂಗನವಾಡಿ ಟೀಚರ್ ಮೊದಲ ದಿನವೇ ಬೋರ್ಡ್ ಮೇಲೆ 'ಅ' ಬರೆದು ಅರಸ ಅಂದರೆ ಎಷ್ಟು ಮಕ್ಕಳಿಗೆ ಅರ್ಥವಾದೀತು?

ಅಂಗನವಾಡಿ ನಮ್ಮ ಜಿಲ್ಲೆಗೆ ಹೊಸದಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡಿದ್ದು ನಮ್ಮ ಟಿ. ನರಸೀಪುರವನ್ನೇ. ಇಷ್ಟು ವರ್ಷವಾದರೂ ಅಂಗನವಾಡಿಯನ್ನು ಮೊಟ್ಟೆ, ಹಾಲು ಕೊಡುವ ಜಾಗ ಅಂತಲೇ ಜನ ನೋಡುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಯೂ ಅಲ್ಲಿನ ಕೆಲಸ. ಅದಕ್ಕಾಗಿ ಟೀಚರ್ ಹತ್ತಿರ ಚಿಲಿಪಿಲಿ ಅನ್ನೋ ಚಟುವಟಿಕೆ ಪುಸ್ತಕ ಇರುತ್ತದೆ. ನನ್ನ ಕುಟುಂಬ, ಹಣ್ಣು, ತರಕಾರಿ, ಪ್ರಾಣಿ, ಹೀಗೆ ಒಂದೊಂದು ವಿಷಯ ಹಿಡಿದು ಅದರ ಸುತ್ತಲೇ ಹಾಡು, ಕಥೆ, ಎಣಿಕೆ, ಚಿತ್ರ ಎಲ್ಲವನ್ನೂ ಹೆಣೆಯುತ್ತಾರೆ.

ಪ್ರಾಣಿಗಳ ವಿಷಯ ಬಂದಾಗ ನಮ್ಮ ಕಡೆ ಆನೆಗೇ ಒಂದು ವಾರ ಹೋಗಿಬಿಡುತ್ತದೆ. ಪಟ್ಟಣದ ಮಗುವಿಗೆ ಆನೆ ಅಂದರೆ ಚಿತ್ರ, ಇಲ್ಲವೇ ದಸರಾ ಮೆರವಣಿಗೆ. ಇಲ್ಲಿಯ ಮಗುವಿಗೆ ರಾತ್ರಿ ಬಂದು ಬಾಳೆ ತಿಂದು ಹೋದ ಆನೆ. ಆನೆ ತಡೆಯುವ ಕಂದಕ, ರೈಲು ಕಂಬಿಯ ಬೇಲಿ, ಪಟಾಕಿ ಸದ್ದು ಎಲ್ಲ ಈ ಮಗುವಿಗೆ ಗೊತ್ತು. ಹಾಗಾಗಿ ಆನೆ ಅಂದ ಕೂಡಲೇ ಸುಮ್ನೆ ಕೂತಿದ್ದ ಮಗುವೂ ಬಾಯಿ ಬಿಡುತ್ತದೆ. ಯಾವ ಭಾಷೆಯಲ್ಲಾದರೂ ಸರಿ, ಹೇಳಲು ಬಿಡಬೇಕು. ಒಳ್ಳೆಯ ಟೀಚರ್ ತಿದ್ದುವುದಿಲ್ಲ. ಮಗು ತನ್ನ ಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾರೆ, ಅಷ್ಟೇ. ಆಮೇಲೆ ಅಭಿನಯ ಗೀತೆ. ಒಂದು ಕೈ ಸೊಂಡಿಲು, ಎರಡು ಕೈ ಕಿವಿ, ಧಪ್ ಧಪ್ ಹೆಜ್ಜೆ. ಪದ ಗೊತ್ತಿಲ್ಲದ ಮಗುವೂ ಮೈಯಿಂದ ಅರ್ಥ ಹಿಡಿಯುತ್ತದೆ. ಹಾಡಿನಲ್ಲಿ ಒಂದೇ ಸದ್ದು ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವುದರಿಂದ ಮುಂದಿನ ಪದ ಏನಿರಬಹುದು ಅಂತ ಕಿವಿಯೇ ಊಹಿಸುತ್ತದೆ. ಮುಂದೆ ಅಕ್ಷರ ಗುರುತಿಸುವಾಗ ಇದೇ ಕಿವಿ ಕೆಲಸಕ್ಕೆ ಬರೋದು.

ಅದಾದ ಮೇಲೆ ಒಂದು ಆನೆಗೆ ನಾಲ್ಕು ಕಾಲು, ಎರಡು ಆನೆಗೆ ಎಷ್ಟು? ಹುಣಸೆ ಬೀಜ ಇಟ್ಟು ಎಣಿಸುತ್ತಾರೆ. ದೊಡ್ಡದು, ಚಿಕ್ಕದು. ಮುಂದೆ, ಹಿಂದೆ. ಇದ್ದಿಲಿನಲ್ಲಿ ನೆಲದ ಮೇಲೆ ಆನೆಯ ಚಿತ್ರ. ಕೊನೆಗೆ ಆನೆ ಕಂಡರೆ ಏನು ಮಾಡಬೇಕು ಅನ್ನೋ ಮಾತು. ಹತ್ತಿರ ಹೋಗಬಾರದು, ಕಲ್ಲು ಹೊಡೆಯಬಾರದು, ದೊಡ್ಡವರನ್ನು ಕರೆಯಬೇಕು. ನಮ್ಮಲ್ಲಿ ಇದು ಜೀವದ ಪಾಠ.

ಇನ್ನು ಕಥೆ. ಕಾಗೆ ಗುಬ್ಬಿ ಕಥೆ ನಿಮಗೂ ಗೊತ್ತು. ಮಳೆಗೆ ಕಾಗೆಯ ಸಗಣಿ ಮನೆ ಕರಗಿ ಹೋಗುತ್ತದೆ. ಅದು ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ಗುಬ್ಬಕ್ಕ ಪ್ರತಿ ಸಲ 'ತಾಳು' ಅನ್ನುತ್ತಾಳೆ. ಮಗುವಿಗೆ ನೀರು ಹಾಕಬೇಕು, ಊಟ ಮಾಡಿಸಬೇಕು, ಮಲಗಿಸಬೇಕು. ಕೇಳೋದು ಒಂದೇ ಮಾತು, ಉತ್ತರ ಮಾತ್ರ ಬೇರೆ ಬೇರೆ. ಹೊಸ ಭಾಷೆ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗೋದು ಕಷ್ಟ. ವಾರಗಟ್ಟಲೆ ತುಟಿ ಬಿಚ್ಚದ ಹಾಡಿಯ ಮಗು ಮೊದಲ ಕನ್ನಡ ವಾಕ್ಯವಾಗಿ ಕಾಗೆಯ ಮಾತು ಹೇಳೋದನ್ನು ನಾನು ಕಂಡಿದ್ದೇನೆ. ಎಲ್ಲರ ಜೊತೆ ಸೇರಿ, 'ಗುಬ್ಬಕ್ಕ ಗುಬ್ಬಕ್ಕ ಬಾಗಿಲು ತೆಗಿ' ಅಂತ ಜೋರಾಗಿ. ಗುಂಪಿನಲ್ಲಿ ಹೇಳುವಾಗ ತಪ್ಪಿನ ಭಯ ಇರೋದಿಲ್ಲ, ಅಲ್ವಾ?

ಕೆಲವು ಕಡೆ ಹಾಡಿಯ ಅಜ್ಜಿಯರನ್ನು ಕರೆಸಿ ಅವರ ಮಾತಿನಲ್ಲೇ ಕಥೆ ಹೇಳಿಸುತ್ತಾರೆ. ಇದು ಎಲ್ಲ ಅಂಗನವಾಡಿಯಲ್ಲೂ ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮನೆಮಾತು ಬಾಗಿಲ ಹೊರಗೆ ಬಿಟ್ಟು ಬರಬೇಕಾದರೆ ಮಗು ಅರ್ಧ ಮಾತ್ರ ಒಳಗೆ ಬಂದ ಹಾಗೆ.

ಬರವಣಿಗೆ ಬಗ್ಗೆ ತಂದೆ ತಾಯಿಗಳಿಗೆ ಆತುರ ಜಾಸ್ತಿ. ಪಟ್ಟಣದ ಕೆಲವು ನರ್ಸರಿಗಳಲ್ಲಿ ಮೂರು ವರ್ಷಕ್ಕೇ ಎ ಬಿ ಸಿ ಡಿ ಬರೆಸುತ್ತಾರೆ. ಅದನ್ನು ನೋಡಿ ಇಲ್ಲಿಯವರಿಗೂ ತಮ್ಮ ಮಗು ಹಿಂದೆ ಬಿತ್ತು ಅನಿಸುತ್ತದೆ. ಆ ವಯಸ್ಸಿಗೆ ಬೆರಳಿನ ಶಕ್ತಿಯೇ ಬಂದಿರೋದಿಲ್ಲ. ಜೇಡಿಮಣ್ಣು ಉಂಡೆ ಕಟ್ಟಲಿ, ಮಣಿ ಪೋಣಿಸಲಿ, ಕಾಳು ಬೇರೆ ಮಾಡಲಿ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳು ಹೀಗೇ ತಯಾರಾಗೋದು.

ನಮ್ಮ ನಿಜವಾದ ಕಷ್ಟ ಬೇರೆ. ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಹಾಡಿಯ ಎಷ್ಟೋ ಕುಟುಂಬಗಳು ತೋಟದ ಕೆಲಸಕ್ಕೆ ಹೋಗುತ್ತವೆ. ಚಿಕ್ಕ ಮಕ್ಕಳನ್ನು ಬಿಟ್ಟು ಹೋಗೋದು ಹೇಗೆ? ಜೊತೆಗೇ ಕರೆದುಕೊಂಡು ಹೋಗುತ್ತಾರೆ. ವಾರಗಟ್ಟಲೆ ಅಂಗನವಾಡಿ ತಪ್ಪುತ್ತದೆ. ವಾಪಸ್ ಬಂದ ಮಗುವಿನ ಬಾಯಲ್ಲಿ ಹಾಡು ಮಾತ್ರ ಉಳಿದಿರುತ್ತದೆ. ಟೀಚರ್ ಆ ಹಾಡಿನಿಂದಲೇ ಮತ್ತೆ ಶುರು ಮಾಡುತ್ತಾರೆ. ತೋಟದ ಲೈನ್ ಮನೆಗಳ, ಅಂದರೆ ಕೆಲಸಗಾರರ ಸಾಲು ಮನೆಗಳ ಹತ್ತಿರವೇ ಈ ಮಕ್ಕಳಿಗೆ ಕಥೆ ಹೇಳುವವರೊಬ್ಬರು ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಣ್ಣಾರೆ ನೋಡಬೇಕು ಅನಿಸಿದರೆ ಕೊಯ್ಲಿನ ತಿಂಗಳು ಬಿಟ್ಟು, ಮಳೆಗಾಲ ಮುಗಿದ ಕೂಡಲೇ ಬನ್ನಿ. ಮೊದಲೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿಕೊಂಡು, ಬೆಳಗಿನ ಹೊತ್ತೇ ಬನ್ನಿ. ಊಟ ಆದ ಮೇಲೆ ಮಕ್ಕಳಿಗೆ ನಿದ್ದೆ. ವಯನಾಡಿನ ಕಡೆಯಿಂದ ಬರೋದಾದರೆ ಇನ್ನೊಂದು ನೆನಪಿರಲಿ. ಬಾವಲಿ ರಸ್ತೆಯ ಕಾಡಿನ ಗೇಟ್ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ.